ಉಣ್ಣುವ ಮೊದಲು ಒಪ್ಪಿಸುವ ಮಾತು

೧೬ ಜೂನ್ ೨೦೦೦, ಶುಕ್ರವಾರ, ಕಾರಹುಣ್ಣಿಮೆ

ಮಗ ಸಂಜೀವಕುಮಾರನಿಗೆ ಸಿಮೆಂಟ್ ಕಂಪನಿಯವರು ಕೊಟ್ಟ ಈ ಡೈರಿ ಜನವರಿಯಿಂದ ಕಪಾಟಿನ ಮೇಲೆ ಖಾಲಿ ಬಿದ್ದಿತ್ತು. ಒಳ್ಳೆಯ ಹಾಳೆ ವ್ಯರ್ಥವಾಗಬಾರದೆಂದು ನಾನು ತೆಗೆದುಕೊಂಡೆ. ನಾನು ಏಳನೆಯ ಇಯತ್ತೆ ಪಾಸಾದವಳು. ಮಾತಾಡಿದ ಹಾಗೆ ಬರೆಯಬಾರದು, ಪುಸ್ತಕದಲ್ಲಿದ್ದ ಹಾಗೆ ಬರೆಯಬೇಕು ಎಂದು ನಮ್ಮ ಮಾಸ್ತರರು ಬೆರಳ ಗಂಟಿಗೆ ಹೊಡೆದು ಕಲಿಸಿದ್ದರು. ಅಕ್ಷರ ಇನ್ನೂ ದುಂಡಗೇ ಬರುತ್ತಿವೆ.

ಎತ್ತಿಲ್ಲದ ಮೊದಲ ಕಾರಹುಣ್ಣಿಮೆ ಇದು. ಕೊಲ್ಹಾರದ ಹತ್ತಿರ ಇದ್ದ ನಮ್ಮ ಹಳೆಯ ಊರು, ಎಂಟು ಎಕರೆ ಎರೆ ಹೊಲ, ಎಲ್ಲ ಕೃಷ್ಣೆಯ ಹಿನ್ನೀರಿನೊಳಗೆ ಹೋದವು. ಸರಕಾರದವರು ಈ ಗುಡ್ಡದ ಮೇಲೆ ಹೊಸ ಊರು ಮಾಡಿ ಪ್ಲಾಟು ಕೊಟ್ಟರು, ಪರಿಹಾರವನ್ನೂ ಕೊಟ್ಟರು. ಆ ಹಣ ಹಾಕಿ ಸಂಜೀವ ಸಿಮೆಂಟು, ಕಬ್ಬಿಣದ ಅಂಗಡಿ ತೆರೆಯುವವನಿದ್ದಾನೆ. ಊರಿಗೆ ಊರೇ ಮನೆ ಕಟ್ಟುತ್ತಿರುವಾಗ ನಡೆಯದೆ ಏನು?

ಯಜಮಾನರು ಬೆಳಿಗ್ಗೆ ಎದ್ದವರು ರೂಢಿಯ ಮೇಲೆ ಎತ್ತಿಗೆ ಮೇವು ಹಾಕುವ ಗೋದಲಿಯ ಕಡೆ ನಡೆದರು. ಈ ಮನೆಯಲ್ಲಿ ಗೋದಲಿಯೇ ಇಲ್ಲ. ಸಂಜೀವನ ಮೋಟರ್ ಸೈಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತು ತಿರುಗಿ ಬಂದರು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮಾವನವರು ಹಾಕಿಕೊಟ್ಟದ್ದು. ಮಧ್ಯಾಹ್ನ ಉಣ್ಣಲು ಕುಳಿತಾಗ ಲಿಂಗಕ್ಕೆ ಕೈಮುಗಿದು, ಆ ಹೊತ್ತಿನವರೆಗೆ ಮಾಡಿದ ಕಾಯಕವನ್ನು ಬಾಯಿಬಿಟ್ಟು ಒಪ್ಪಿಸಬೇಕು. ಆಮೇಲೆಯೇ ರೊಟ್ಟಿಗೆ ಕೈ ಹಚ್ಚುವುದು. ನಾನು ಸೊಸೆಯಾಗಿ ಬಂದ ದಿನ "ಎರಡು ಕೊಡ ನೀರು ತಂದೆ" ಎಂದು ಒಪ್ಪಿಸಿ ಉಂಡದ್ದು ಈಗಲೂ ನೆನಪಿದೆ. ಸಂಜೀವ ಸಣ್ಣವನಿದ್ದಾಗ "ಕರಾ ಬಿಟ್ಟೆ" ಎನ್ನುತ್ತಿದ್ದ. ಈಗ ಮೊಮ್ಮಗಳು ಐಶ್ವರ್ಯ ಐದು ವರ್ಷದವಳು, "ಗುಬ್ಬಿಗಿ ಕಾಳ ಹಾಕೀನಿ" ಎನ್ನುತ್ತಾಳೆ. ಮೂವತ್ನಾಲ್ಕು ವರ್ಷ ಯಜಮಾನರ ಬಾಯಿಂದ ಹರಗಿದೆ, ಬಿತ್ತಿದೆ, ಎಡೆ ಹೊಡೆದೆ, ರಾಶಿ ಮಾಡಿದೆ ಎಂದೇ ಕೇಳಿದ್ದೇನೆ.

ಇಂದು ಅವರು, "ಮನಿ ಮುಂದಿನ ಹಳ್ಳ ಆರಿಸಿದ್ನೆಪಾ" ಎಂದು ಒಪ್ಪಿಸಿದರು. ಅಂಗಳದಲ್ಲಿ ಆರಿಸುವಷ್ಟು ಹಳ್ಳು, ಸಣ್ಣ ಕಲ್ಲು, ಎಲ್ಲಿದ್ದವೋ.

೧ ಜುಲೈ, ಶನಿವಾರ, ಮಣ್ಣೆತ್ತಿನ ಅಮಾವಾಸ್ಯೆ

ಹೆಂಡತಿ ಗಂಡನ ಹೆಸರು ಹೇಳಬಾರದು; ಬರೆಯಲು ಅಡ್ಡಿಯಿಲ್ಲ ಎಂದುಕೊಂಡು ಒಂದು ಸಲ ಬರೆಯುತ್ತೇನೆ: ಖಂಡೆಪ್ಪ. ಬರೆದ ಮೇಲೆ ನಾಚಿಕೆಯಾಯಿತು.

ಅವರು ನೀರಿನ ದಂಡೆಯವರೆಗೆ ನಡೆದುಹೋಗಿ ಒಂದು ಬುಟ್ಟಿ ಎರೆ ಮಣ್ಣು ಹೊತ್ತು ತಂದರು. ಮಧ್ಯಾಹ್ನದವರೆಗೆ ಕುಳಿತು ಓಣಿಯ ಮಕ್ಕಳಿಗೆಲ್ಲ ಎತ್ತು ಮಾಡಿ ಕೊಟ್ಟರು. ಬಾಜೂಮನೆಯ ಅಮೀನಾಬಿಯೂ ಬಂದು ನಿಂತಳು. ಹಳೆಯ ಊರಿನಲ್ಲಿ ಅವಳ ಗಂಡ ದೋಣಿ ನಡೆಸುತ್ತಿದ್ದ, ಈಗ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾನೆ.

"ಯಣ್ಣಾ, ಈ ಎತ್ತಿಗೆ ಮೇವ ಬ್ಯಾಡ, ನೀರ ಬ್ಯಾಡ, ದಲ್ಲಾಳಿ ಕಾಟ ಇಲ್ಲ. ನಂಗೊಂದ ಜೋಡಿ ಕೊಡ್ರಿ."

"ನಿನ್ನ ಗಂಡ ದೋಣಿಗೆ ಹೂಡ್ತಾನೇನ?"

"ಹೂಡಲಿ ಬಿಡ್ರಿ. ಮೀನರೆ ನಕ್ಕ ಸಾಯ್ಲಿ."

ಅವರೂ ನಕ್ಕರು. ಊಟಕ್ಕೆ ಕುಳಿತು, "ಐದ ಜೋಡಿ ಎತ್ತ ಮಾಡಿದೆ" ಎಂದು ಒಪ್ಪಿಸಿದರು. ನನಗೆ ಸರಿ ಕಾಣಲಿಲ್ಲ. ಆಟಿಕೆ ಮಾಡುವುದು ಕಾಯಕವೇ? ಆದರೆ ಹಬ್ಬದ ದಿನ, ಸುಮ್ಮನಿದ್ದೆ.

೭ ಆಗಸ್ಟ್, ಸೋಮವಾರ

ಶ್ರಾವಣ ಸೋಮವಾರ. ಅಂಗಡಿ ಪೂಜೆ ಆಯಿತು. ಬ್ಯಾಂಕಿನ ಸಾಹೇಬರು ಬಂದು ರಿಬ್ಬನ್ ಕತ್ತರಿಸಿದರು. ಮೈಕಿನಲ್ಲಿ ಅವರು ಮಾತಾಡಿದ್ದನ್ನು ಮರೆಯಬಾರದೆಂದು ಬರೆದಿಡುತ್ತೇನೆ.

"ಬಸವಣ್ಣ ಹುಟ್ಟಿದ ಸೀಮಿ ಇದು. ಇಲ್ಲಿ ಜನ ದುಡಿಯೋದನ್ನ ಪೂಜಾ ಅಂತ ತಿಳದಾರ. ದುಡಿಮಿಯೊಳಗ ದೇವರನ್ನ ಕಾಣೋ ಜನ ಎಲ್ಲಿರ್ತಾರ, ಅಲ್ಲಿ ಬಡತನ ನಿಂದ್ರೂದಿಲ್ಲ. ನೋಡ್ರಿ, ಹೊಲಾ ಮುಳುಗಿ ವರ್ಷ ಆಗಿಲ್ಲ, ಅಂಗಡಿ ಎದ್ದ ನಿಂತೈತಿ!"

ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ಎದೆ ತುಂಬಿ ಬಂತು. ಮಾವನವರ ಪದ್ಧತಿಯನ್ನು ಇಷ್ಟು ವರ್ಷ ಕಾಯ್ದುಕೊಂಡು ಬಂದದ್ದಕ್ಕೆ ಇದು ಫಲ ಎನಿಸಿತು.

ಯಜಮಾನರನ್ನು ಮುಂದಿನ ಕುರ್ಚಿಯಲ್ಲಿ ಕೂಡಿಸಿದ್ದರು. ಅವರು ಶಾಲನ್ನು ಮಡಚುವುದು, ಬಿಚ್ಚುವುದು ಮಾಡುತ್ತಿದ್ದರು. ಮನೆಗೆ ಬರುವಾಗ ದಾರಿಯಲ್ಲಿ ಕೇಳಿದರು:

"ದುಡಿಯೋರ ಕಡೆ ಬಡತನ ನಿಂದ್ರೂದಿಲ್ಲ ಅಂದ್ರಲ್ಲ ಆ ಸಾಹೇಬ್ರು. ಹಂಗಾರ ನಮ್ಮ ಹೊಲದಾಗ ನೀರ ಯಾಕ ನಿಂತು ಕಸ್ತೂರಿ? ನಾ ದುಡೀಲಿಲ್ಲೇನ?"

"ಒಳ್ಳೆ ದಿನ ಅಂಥಾ ಮಾತ ಯಾಕ್ರಿ" ಎಂದೆ. ಪೇಢೆಯ ಪುಡಿಕೆ ಕೈಯಲ್ಲಿತ್ತು, ಮನೆಮನೆಗೆ ಹಂಚುವುದಿತ್ತು.

೯ ಆಗಸ್ಟ್, ಬುಧವಾರ

ಇಂದು ಊಟದ ಹೊತ್ತಿಗೆ ಯಜಮಾನರು ಕೈಮುಗಿದು ಸುಮ್ಮನೆ ಕುಳಿತರು. ನಾನು ಕಾದೆ.

"ಏನರೆ ಒಪ್ಪಸ್ರಿ" ಎಂದೆ.

"ಇವತ್ತ ಏನಿಲ್ಲ."

"ನಿನ್ನೇನೂ ಇದ್ದಿಲ್ಲ."

ಸೊಸೆ ಭಾಗ್ಯಜ್ಯೋತಿ ಒಲೆಯ ಮುಂದಿಂದ, "ಇರಲಿ ಬಿಡ್ರಿ ಅತ್ತೀ, ರೊಟ್ಟಿ ಆರ್ತಾವ" ಎಂದಳು. ಅವಳು ಮುದ್ದೇಬಿಹಾಳದ ನೌಕರಿ ಮನೆಯಿಂದ ಬಂದವಳು, ಅವಳಿಗೆ ಈ ಪದ್ಧತಿ ಎಂದೂ ಮನಸ್ಸಿಗೆ ಹತ್ತಿಲ್ಲ. ಅದಕ್ಕೇ ನಾನು ಗಟ್ಟಿಯಾಗಿ ಹೇಳಿದೆ:

"ಮಾವಾರು ಇದ್ದಿದ್ರ ಮುಂದಿನ ತಾಟ ಎತ್ತಸ್ತಿದ್ರು. ಕಾಯಕ ಇಲ್ಲದ ಕೂಳು ಲಿಂಗಕ್ಕ ಮುಟ್ಟೂದಿಲ್ಲ. ದಿನಾ ಕುಂತ ಉಂಡ್ರ ಈ ಕೂಸು ನಿಮ್ಮನ್ನ ನೋಡಿ ಏನ ಕಲೀಬೇಕು?"

ಅವರು ನನ್ನ ಕಡೆ ನೋಡಲಿಲ್ಲ. ತಾಟಿನ ರೊಟ್ಟಿಯನ್ನು ಮಡಿಕೆ ಬಿಡಿಸದೆ ಬುಟ್ಟಿಯಲ್ಲಿ ತಿರುಗಿ ಇಟ್ಟರು. ಎಂಜಲಾಗದ ಕೈಯನ್ನು ತೊಳೆದುಕೊಂಡು ಹೊರಗೆ ಹೋದರು.

ನಾನು ಸುಳ್ಳು ಹೇಳಲಿಲ್ಲ. ದೇವರ ಮುಂದಿನ ಮಾತಿಗೆ ಗಂಡನಾದರೇನು, ಮಗನಾದರೇನು?

೧೦ ಆಗಸ್ಟ್, ಗುರುವಾರ

ನಸುಕಿನಲ್ಲೇ ಎದ್ದು ಹೋಗಿದ್ದರು. ಊರಿನ ಹೊಸ ಗಟಾರ ತೋಡುವ ಕೂಲಿಗಳ ಜೊತೆ ನಿಂತಿದ್ದರಂತೆ. ಮೂರು ಗಂಟೆಗೆ ಬಂದರು. ಕೈಯೆಲ್ಲ ಗುಳ್ಳೆ. ಕೈಮುಗಿದು, "ಮೂರ ಮಾರು ಗಟಾರ ತೋಡಿದ್ನೆಪಾ" ಎಂದರು. ದನಿ ಹಳೆಯ ದನಿಯಂತಿತ್ತು. ಮೂರು ರೊಟ್ಟಿ, ಪುಂಡಿಪಲ್ಲೆ ಉಂಡರು.

ನನಗೆ ಹಿಗ್ಗೋ ಹಿಗ್ಗು. ಕಹಿ ಮಾತು ಔಷಧವಾಯಿತು. ಗುಳ್ಳೆಗೆ ಕೊಬ್ಬರಿ ಎಣ್ಣೆ ಹಚ್ಚಿದೆ.

೨೮ ಆಗಸ್ಟ್, ಸೋಮವಾರ

ಮನೆಯಲ್ಲಿ ಜಗಳ. ಸಂಜೀವ ಚಪ್ಪಲಿ ಕಳಚದೆಯೇ ಒಳಗೆ ಬಂದು ಕೂಗಾಡಿದ.

"ಅಂಗಡಿ ಮಾಲಕನ ಅಪ್ಪ ಗಟಾರದಾಗ ನಿಂತಾನ ಅಂತ ಗಿರಾಕಿ ಮುಸಿಮುಸಿ ನಗ್ತಾರಪ್ಪ! ನನ್ನ ಮಾರಿ ಎಲ್ಲಿಡಲಿ?"

"ನಿನ್ನ ಸಿಮೆಂಟ ಅದ ಗಟಾರಕ್ಕ ಹೊಂಟೈತಿ. ಅದಕ್ಕಿಲ್ಲದ ನಾಚಿಕಿ ನನಗ್ಯಾಕೋ?"

ಭಾಗ್ಯಜ್ಯೋತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಸಂಜೀವ ನಗಲಿಲ್ಲ. ಸಂಜೆಗೆ ಗಟಾರದ ಕೂಲಿಗಳ ಹಾಜರಿ ಹಿಡಿಯುವ ಮುಕಾದಮ ಸೋಮನಿಂಗ ಬಾಗಿಲಿಗೆ ಬಂದು ತಲೆ ತುರಿಸುತ್ತ ನಿಂತ.

"ತಪ್ಪ ತಿಳೀಬ್ಯಾಡ್ರಿ ಯಜಮಾನ್ರ. ನಾಳಿಂದ ಬರಬ್ಯಾಡ್ರಿ. ನಿಮ್ಮನ್ನ ಇಟ್ಕೊಂಡ್ರ ನಿಮ್ಮ ಮಗಾ ನನಗ ಉದ್ರಿ ಸಿಮೆಂಟ ಕೊಡೂದಿಲ್ಲ ಅಂದಾನ."

"ನನ್ನ ಕೆಲಸ ಚಲೋ ಇಲ್ಲೇನ?"

"ಚಲೋ ಐತ್ರಿ. ಅದ ಸಂಕಟ. ನಿಮ್ಮನ್ನ ನೋಡಿ ಹುಡುಗೂರು ಬೀಡಿ ಸೇದಾಕ ಸೈತ ಅಂಜತಾವ."

೧ ಸೆಪ್ಟೆಂಬರ್, ಶುಕ್ರವಾರ

ಸಂಜೀವ ಅವರನ್ನು ಅಂಗಡಿಯ ಗಾದಿಯ ಮೇಲೆ ಕೂಡಿಸಿದ. ಎರಡು ದಿನ ಕುಳಿತರು. ಎರಡೂ ದಿನ ಉಣ್ಣುವಾಗ ಏನೂ ಒಪ್ಪಿಸಲಾಗದೆ ಬರೀ ಮಜ್ಜಿಗೆ ಕುಡಿದು ಎದ್ದರು. "ಕುಂಡಿ ನೋಯ್ತಾವ, ಕೈ ನೋಯೂದಿಲ್ಲ. ಇದೆಂಥಾ ಕಾಯಕ?" ಎಂದು ಇಂದು ಬಿಟ್ಟುಬಂದರು.

೨೧ ಸೆಪ್ಟೆಂಬರ್, ಗುರುವಾರ

ಮನೆಯ ಹಿಂದೆ ಗುಡ್ಡದ ಕಲ್ಲಿನ ಜಾಗವಿದೆ, ಯಾರದೂ ಅಲ್ಲ. ಯಜಮಾನರು ಅಲ್ಲಿ ಕಲ್ಲು ಎತ್ತಿ ಒಡ್ಡು ಹಾಕುತ್ತಿದ್ದಾರೆ. ಮಣ್ಣೇ ಇಲ್ಲದಲ್ಲಿ ಒಡ್ಡು ಏಕೆ ಎಂದು ಸಂಜೀವ ಕೇಳುತ್ತಾನೆ. ಕಾಯಕ ಕಾಯಕವೇ ಎಂದು ನಾನು ಅವನ ಬಾಯಿ ಮುಚ್ಚಿಸಿದೆ.

ಈಗ ಅವರದೊಂದು ಹೊಸ ಹಟ. ಕೆಲಸ ಎಷ್ಟೋ ಊಟ ಅಷ್ಟೇ. ಪೂರ್ತಿ ದಿನ ದುಡಿದರೆ ಎರಡು ರೊಟ್ಟಿ, ಅರ್ಧ ದಿನಕ್ಕೆ ಒಂದು. ಹೋದ ವಾರ ಮೂರು ದಿನ ಜಿಟಿಜಿಟಿ ಮಳೆ. ಆ ಮೂರು ದಿನ ಅವರ ಹೊಟ್ಟೆಗೆ ಮಜ್ಜಿಗೆ ಬಿಟ್ಟು ಏನೂ ಹೋಗಲಿಲ್ಲ. ನೇಮ ಹಿಡಿದವರು ಹೀಗೇ ಗಟ್ಟಿ ಇರುತ್ತಾರೆ.

ಅವರ ಧೋತರ ಒಂದು ಸುತ್ತು ಹೆಚ್ಚಿಗೆ ಬರುತ್ತಿದೆ. ಹೊಸ ಊರಿನ ನೀರಿಗೆ ಅರಿವೆ ಹಿಗ್ಗುತ್ತದೋ ಏನೋ.

೧೧ ನವೆಂಬರ್, ಶನಿವಾರ

ಬಿದ್ದರು. ಕಲ್ಲು ಎತ್ತುವಾಗ ಕಣ್ಣಿಗೆ ಕತ್ತಲೆ ಬಂತಂತೆ. ಅಮೀನಾಬಿ ನೋಡಿ ಚೀರಿದಳು. ಬಾಗೇವಾಡಿಗೆ ಒಯ್ದೆವು. ಡಾಕ್ಟರು ಎದೆಯ ಪಟ್ಟಿ ತೆಗೆದು ಬಹಳ ಹೊತ್ತು ನೋಡಿದರು.

"ಗುಂಡಿಗಿ ಬಾಳ ದಣದೈತಿ. ಮೈಯಾಗ ರಕ್ತ ಇಲ್ಲ. ಇವರು ಉಣ್ಣೂದಿಲ್ಲೇನ್ರಿ?"

ಸಂಜೀವ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಇನ್ನ ಮ್ಯಾಲ ಒಂದ ತಂಬಿಗಿ ಸೈತ ಎತ್ತಬಾರದು. ಹೊತ್ತಿಗೆ ಸರಿಯಾಗಿ ಉಣಸ್ರಿ, ಅಷ್ಟ."

೧೪ ನವೆಂಬರ್, ಮಂಗಳವಾರ

ಉಣ್ಣಲೊಲ್ಲರು. ಮೂರು ದಿನದಿಂದ ನಾಲ್ಕು ಚಮಚ ಹಾಲು.

"ನಾ ಸಿಟ್ಟಿನ ಭರದಾಗ ಅಂದೆ. ಮರತಬಿಡ್ರಿ" ಎಂದೆ.

"ನೀ ಅಂದಿದ್ದಲ್ಲ ಅದು. ಅಪ್ಪ ಹೇಳಿದ್ದು. ನೀ ನೆನಪ ಮಾಡಿಕೊಟ್ಟಿ."

"ಡಾಕ್ಟರು ಕೆಲಸ ಬ್ಯಾಡ ಅಂದಾರಲ್ರಿ."

"ಹೌದು. ಕೆಲಸ ಬ್ಯಾಡ ಅಂದಾರ."

ಅಷ್ಟೇ ಹೇಳಿ ಗೋಡೆಯ ಕಡೆ ಹೊರಳಿದರು. ಅವರ ಬೆನ್ನಿನ ಎಲುಬು ಎಣಿಸಬಹುದು. ನಾನು ದಿನವೂ ಇವರ ಜೊತೆಗೇ ಇದ್ದೆನಲ್ಲ, ಎಂದು ಇಷ್ಟು ಕರಗಿದರು?

೩೦ ನವೆಂಬರ್, ಗುರುವಾರ

ರಮಜಾನ್ ಹತ್ತಿದೆ. ಅಮೀನಾಬಿ ರೋಜಾ ಇದ್ದಾಳೆ, ಆದರೂ ನಮ್ಮವರಿಗೆಂದು ಗಂಜಿ ಕಾಯಿಸಿಕೊಂಡು ಬಂದಳು. ಹಾಲು, ಮಜ್ಜಿಗೆಯ ಮೇಲೆಯೇ ಇರುವ ಅವರು ಅದನ್ನು ಮುಟ್ಟಲಿಲ್ಲ. ಹೊರಗೆ ಬಂದು ಅವಳು ನನ್ನ ರಟ್ಟೆ ಹಿಡಿದಳು.

"ಕಸ್ತೂರೆಕ್ಕ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ. ನಿಮ್ಮ ದೇವರು ಏನ ಮುಕಾದಮ ಏನವ್ವ, ಹಾಜರಿ ಹಿಡದ ರೊಟ್ಟಿ ಕೊಡಾಕ?"

"ಹಂಗನ್ನಬಾರದು ಅಮೀನಾ."

"ನಾವೂ ಉಪಾಸ ಇರ್ತೇವಿ. ಹೊತ್ತ ಮುಣಗಿತಂದ್ರ ಬಿಡ್ತೇವಿ. ನಿಮ್ಮ ಯಜಮಾನರ ರೋಜಾ ಬಿಡಾಕ ಹೊತ್ತ ಯಾವಾಗ ಮುಣಗತೈತಿ, ಅದನ್ನಷ್ಟ ಹೇಳು."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಹೋದ ಮೇಲೆ ಜಗುಲಿಯ ಮೇಲೆ ಕುಳಿತೇ ಇದ್ದೆ. ಒಲೆ ಹಚ್ಚುವುದು ಮರೆತಿತ್ತು.

೪ ಡಿಸೆಂಬರ್, ಸೋಮವಾರ

ಇಂಗಳೇಶ್ವರದ ಬಸ್ಸು ಹತ್ತಿ, ಇಳಿದು, ಅಲ್ಲಿಂದ ಹೊಲದ ದಾರಿ ಹಿಡಿದು ನಮ್ಮ ಮನೆತನದ ಮಠಕ್ಕೆ ಹೋದೆ. ಸಣ್ಣ ಮಠ. ಮಠದ ಸ್ವಾಮಿಗಳಾದ ಅಜ್ಜನವರು ದಾಸೋಹದ ಅಡುಗೆಗೆ ಉಳ್ಳಾಗಡ್ಡಿ ಹೆಚ್ಚುತ್ತ ಕುಳಿತಿದ್ದರು. ಪಾದಕ್ಕೆ ಬಿದ್ದು ಎಲ್ಲ ಹೇಳಿದೆ. ಒಪ್ಪಿಸುವ ಪದ್ಧತಿ, ನಾನು ಆಡಿದ ಮಾತು, ಅವರು ಬಿಟ್ಟ ಊಟ.

"ಅಜ್ಜಾರ, ಅವರನ್ನ ನೇಮದಿಂದ ಬಿಡಸ್ರಿ. ನೀವು ಹೇಳಿದ್ರ ಕೇಳ್ತಾರ."

ಅಜ್ಜನವರು ಕಣ್ಣೊರೆಸಿಕೊಂಡರು. ಉಳ್ಳಾಗಡ್ಡಿಗೋ ಏನೋ ತಿಳಿಯಲಿಲ್ಲ.

"ಯವ್ವಾ, ಇಲ್ಲಿ ದಿನಾ ನೂರ ಮಂದಿ ಉಣ್ತಾರ. ಕುಡದ ಬಂದವರು, ಕಾರ್ಡ ಆಡಿ ಬಂದವರು, ಹುಚ್ಚರು. ತಾಟ ಇಡೂಮುಂದ ನೀ ಇವತ್ತ ಏನ ಕೆಲಸ ಮಾಡಿ ಅಂತ ಒಬ್ಬರನ್ನೂ ಕೇಳಿಲ್ಲ. ದೊಡ್ಡವರು ಕಾಯಕಾನೂ ಹೇಳಿದ್ರು, ದಾಸೋಹಾನೂ ಹೇಳಿದ್ರು. ನಿಮ್ಮ ಮಾವ ಒಂದ ಕಿವಿಯಿಂದ ಕೇಳಿ ಬಂದಾನ."

"ಮತ್ತ ಬ್ಯಾಂಕಿನ ಸಾಹೇಬ್ರು, ದುಡಿಯೋರಿಗೆ ದೇವರು ಕೊಡ್ತಾನ ಅಂದ್ರು."

"ಕೊಡ್ತಾನ. ದುಡೀಲಾರದವರ ಕಡಿಂದ ಕಸೀತಾನ ಅಂತ ಯಾರಂದ್ರು?"

ಮಠದ ಊಟಕ್ಕೆ ಕುಳಿತೆ. ರೂಢಿಯಂತೆ ಒಪ್ಪಿಸಲು ಕೈ ಮುಗಿದರೆ ಸಾಲಿನಲ್ಲಿ ಕುಳಿತವರೆಲ್ಲ ಆಗಲೇ ಉಣ್ಣುತ್ತಿದ್ದರು.

೫ ಡಿಸೆಂಬರ್, ಮಂಗಳವಾರ

ಅಜ್ಜನವರು ಹೇಳಿದ್ದನ್ನು ಒಂದಕ್ಷರ ಬಿಡದೆ ಯಜಮಾನರಿಗೆ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು.

"ಖರೆ ಐತಿ. ಆದ್ರ ನಮ್ದು ನೀಡೋ ಮನಿ ಕಸ್ತೂರಿ. ವರ್ಷಾ ಮಠಕ್ಕ ಎರಡ ಚೀಲ ಜ್ವಾಳಾ ಹಾಕತಿದ್ವಿ. ನೀಡಾಕ ಕಲಿಸಿದ್ರು. ತಗೋಳಾಕ ನನಗ ಯಾರೂ ಕಲಿಸಿಲ್ಲ."

೯ ಡಿಸೆಂಬರ್, ಶನಿವಾರ

ಒಂದು ಉಪಾಯ ಹೊಳೆಯಿತು. ಜೋಳ ಹಸನು ಮಾಡುವುದು ಕುಳಿತು ಮಾಡುವ ಕೆಲಸ, ಭಾರವಿಲ್ಲ. ಹಳೆಯ ಹೊಲದ ಚೀಲದಲ್ಲಿ ಉಳಿದಿದ್ದ ಎರಡು ಸೇರು ಜೋಳವನ್ನು ಮೊರದಲ್ಲಿ ಹಾಕಿ ಅವರ ಮುಂದೆ ಇಟ್ಟೆ. ಒಂದೊಂದೇ ಹಳ್ಳು ಆರಿಸಿದರು. ಮಧ್ಯಾಹ್ನ "ಎರಡ ಸೇರ ಜ್ವಾಳಾ ಹಸನ ಮಾಡಿದೆ" ಎಂದು ಒಪ್ಪಿಸಿ ಒಂದು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಂಡರು! ನಾನು ಅಡುಗೆಮನೆಗೆ ಹೋಗಿ ಅತ್ತೆ.

ಆದರೆ ಈಗ ಸಂಜೀವ ತರುವ ಜೋಳ ಮಷೀನಿನಲ್ಲೇ ಹಸನಾಗಿ ಬರುತ್ತದೆ. ಅವರು ಮಲಗಿದ ಮೇಲೆ, ಆರಿಸಿಟ್ಟ ಹಳ್ಳನ್ನೇ ತಿರುಗಿ ಜೋಳದಲ್ಲಿ ಬೆರೆಸಿ ನಾಳೆಗೆ ಇಟ್ಟಿದ್ದೇನೆ. ಸುಳ್ಳೇ. ಆದರೆ ಒಂದು ರೊಟ್ಟಿಯ ಸುಳ್ಳು.

೧೯ ಡಿಸೆಂಬರ್, ಮಂಗಳವಾರ

ಹತ್ತು ದಿನ ಉಂಡರು. ಇಂದು ಮೊರ ಸರಿಸಿದರು.

"ಕಸ್ತೂರಿ, ಇವು ನಿನ್ನಿನ ಹಳ್ಳು."

"ಹಳ್ಳ ಎಲ್ಲಾ ಒಂದ ಥರಾ ಇರ್ತಾವ್ರಿ."

"ನೆಲದಾಗ ಜೀವಾ ಸವಸಿದಾಂವ ನಾ. ನನಗ ಹೇಳ್ತಿ?" ಸಿಟ್ಟಿರಲಿಲ್ಲ ದನಿಯಲ್ಲಿ. ಅದೇ ಹೆದರಿಕೆಯಾಯಿತು. "ಹತ್ತ ದಿನ ಲಿಂಗದ ಮುಂದ ನನ್ನ ಬಾಯಿಂದ ಸುಳ್ಳ ಒಪ್ಪಿಸಿದಿ ನೀ."

ನಾನು ಅವರ ಕಾಲು ಹಿಡಿದೆ. ಕಾಲು ಬಾತಿದ್ದವು, ಬೆರಳು ಒತ್ತಿದಲ್ಲಿ ಕುಳಿ ಬಿತ್ತು.

೨೫ ಡಿಸೆಂಬರ್, ಸೋಮವಾರ, ಎಳ್ಳಮಾವಾಸ್ಯೆ

ಸಜ್ಜೆ ರೊಟ್ಟಿ, ಶೇಂಗಾದ ಹೋಳಿಗೆ, ಕಡುಬು, ಬದನೆಕಾಯಿ. ಎಲ್ಲ ಮಾಡಿದೆ. ಹೊಲಕ್ಕೆ ಚರಗದ ತುತ್ತು ಚೆಲ್ಲುವ ದಿನ, ಹೊಲವಿಲ್ಲ. ಸಂಜೀವ ತನ್ನ ಗೆಳೆಯನ ಜೀಪು ತಂದು ಅಪ್ಪನನ್ನು ಎತ್ತಿ ಕೂಡಿಸಿದ. ಹಿನ್ನೀರಿನ ದಂಡೆಗೆ ಹೋದೆವು. ಯಜಮಾನರು ಬೆರಳು ಮಾಡಿ ತೋರಿಸಿದರು, ಬನ್ನಿಗಿಡ ಅಲ್ಲಿ, ಬಾವಿ ಅಲ್ಲಿ, ಒಡ್ಡು ಅಲ್ಲಿ. ಅವರು ತೋರಿಸಿದಲ್ಲೆಲ್ಲ ಬರೀ ನೀರು. ಸಂಜೀವ ನೀರಿನಲ್ಲೇ ಚರಗ ಚೆಲ್ಲಿದ. ಮೀನು ಬಂದು ತಿಂದವು.

ಸಂಜೀವ ಕಲ್ಲಿನ ಮೇಲೆ ಕುಳಿತು ಸಣ್ಣ ಹುಡುಗನಂತೆ ಅತ್ತ. "ಗಟಾರದ ಕೆಲಸ ಬಿಡಸಬಾರದಿತ್ತವ್ವ ನಾ" ಎಂದ. ತಪ್ಪು ಅವನದೆಂದು ತಿಳಿದುಕೊಂಡಿದ್ದಾನೆ. ನಾನು ಅವನ ತಲೆ ಸವರಿದೆ.

ಯಜಮಾನರು ಏನೂ ಉಣ್ಣಲಿಲ್ಲ.

೨೮ ಡಿಸೆಂಬರ್, ಗುರುವಾರ

ಅಮೀನಾಬಿ ಹೊಸ ಸೀರೆ ಉಟ್ಟು ಬೋಗುಣಿಯಲ್ಲಿ ರಮಜಾನ್ ಹಬ್ಬದ ಸುರಕುಂಬಾ, ಶ್ಯಾವಿಗೆಯ ಪಾಯಸ, ತಂದಳು.

"ಯಣ್ಣಾ, ನನ್ನ ರೋಜಾ ಮುಗದಾವು. ನಿಮ್ಮದು?"

ಅವರು ನಕ್ಕರು. ನಗುವುದಕ್ಕೂ ದಮ್ಮು ಸಾಲುತ್ತಿರಲಿಲ್ಲ. "ಒಪ್ಪಸಾಕ ಏನೂ ಇಲ್ಲಬೇ ನನ್ನ ಕಡೆ" ಎಂದರು.

ಆಗ ನನ್ನ ಬಾಯಿಂದ ಬಂದದ್ದು ನಾನು ಯೋಚಿಸಿ ಆಡಿದ್ದಲ್ಲ.

"ನಿಮ್ಮ ಕಡೆ ಇರಲಿಕ್ಕಿಲ್ಲ, ನನ್ನ ಕಡೆ ಐತಿ. ಮೂವತ್ನಾಕ ವರ್ಷ ನಾ ಏನ ಒಪ್ಪಿಸಿದ್ರೂ ಅದರ ಬುಡಕ ನಿಮಗ ಉಣಸೂದ ನನ್ನ ಕಾಯಕ. ನೀವು ಉಣ್ಣದಿದ್ರ ನನ್ನ ಕಾಯಕ ಆಗೂದಿಲ್ಲ. ನನ್ನ ಕಾಯಕ ಆಗದಿದ್ರ ನಾನೂ ಉಣ್ಣಾಂಗಿಲ್ಲ. ಇವತ್ತಿನಿಂದ ಹಂಗ. ನಿಮ್ಮಪ್ಪನ ಮಾತ ಅದು, ನೆನಪ ಮಾಡಿಕೊಡ್ತೇನಿ."

ಅವರು ನನ್ನ ಕಡೆ ಹೊರಳಿದರು.

"ನೀ ವಕೀಲಕಿ ಆಗಬೇಕಾಗಿತ್ತ ನೋಡು."

"ಏಳನೇತ್ತೆಕ್ಕ ಬಿಡಿಸಿದ್ರಲ್ರಿ ಸಾಲಿ."

"ತಾ" ಎಂದರು.

ಎಂಟು ಚಮಚ ಉಂಡರು. ಒಂದು ಶ್ಯಾವಿಗೆ ಎಳೆ ಮೀಸೆಗೆ ಅಂಟಿತ್ತು, ನಾನು ಒರೆಸಿದೆ. ಅಮೀನಾಬಿ ಹೊಸ ಸೀರೆಯ ಸೆರಗಿನಲ್ಲೇ ಮೂಗು ಒರೆಸಿಕೊಂಡಳು.

೬ ಜನವರಿ ೨೦೦೧, ಶನಿವಾರ

ಡೈರಿಯ ತಾರೀಖು ಮುಗಿದವು. ಐಶ್ವರ್ಯಳ ಹಳೆಯ ನೋಟುಪುಸ್ತಕದಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಗಂಜಿ, ಮಧ್ಯಾಹ್ನ ಮೆತ್ತಗೆ ಮಾಡಿದ ಅನ್ನ, ಸಂಜೆಗೆ ಹಾಲು. ಬೇಡವೆನ್ನದೆ ಉಣ್ಣುತ್ತಾರೆ. ನಾನು ಅವರ ಮುಂದೆಯೇ ಕುಳಿತು, "ನಮ್ಮವರಿಗೆ ಉಣಿಸಿದೆ" ಎಂದು ಒಪ್ಪಿಸಿ ಉಣ್ಣುತ್ತೇನೆ. ಅವರು "ಹೂಂ, ಉಣಿಸ್ಯಾಳ" ಎಂದು ಸಾಕ್ಷಿ ಹೇಳುತ್ತಾರೆ.

ಬಾಗೇವಾಡಿಯ ಡಾಕ್ಟರು ಮನೆಗೇ ಬಂದು ನೋಡಿದರು. ಹೊರಗೆ ಸಂಜೀವನ ಜೊತೆ ಮಾತಾಡಿದರು. ನಾನು ಬಾಗಿಲ ಮರೆಯಲ್ಲಿದ್ದೆ.

"ಒಂದ ಎರಡ ತಿಂಗಳ ಮದಲ ಹಿಂಗ ಉಂಡಿದ್ರ..." ಎಂದರು.

೧೪ ಜನವರಿ, ಭಾನುವಾರ

ಸಂಕ್ರಮಣ. ಎಳ್ಳು ಅರೆದು ಮೈಗೆ ಹಚ್ಚಿ ಬಿಸಿನೀರು ಹಾಕಿದೆ. ಅವರ ಬೆನ್ನು ತಿಕ್ಕುವಾಗ, "ಹಗೂರಕ, ಎಲುಬ ಸವದಾವು" ಎಂದು ನಗಿಸಿದರು. ಮಾದಲಿ ಎರಡು ತುತ್ತು ಉಂಡರು. ಇನ್ನೊಂದು ತುತ್ತು ಬೇಕು ಎಂದು ತಾವಾಗಿಯೇ ಕೇಳಿದರು. ಕೇಳಿದರು.

೧೭ ಜನವರಿ, ಬುಧವಾರ

ನಿನ್ನೆ ನಸುಕಿನಲ್ಲಿ ಹೋದರು.

೨೭ ಜನವರಿ, ಶನಿವಾರ

ಕಾರ್ಯ ಮುಗಿಯಿತು. ಸಿಂದಗಿಯಿಂದ, ನಾಲತವಾಡದಿಂದ ಬೀಗರು, ನೆಂಟರು ಬಂದಿದ್ದರು. ಬಂದವರೆಲ್ಲ ನನ್ನ ಮುಂದೆ ಕುಳಿತು ಒಂದೇ ಮಾತು ಹೇಳಿದರು. "ಕಡೀತನಕಾ ದುಡದ ಜೀವ ಅದು, ಬಿಡವ್ವ. ಒಂದ ದಿನಾ ಕುಂತ ಉಣ್ಣಲಿಲ್ಲ." ಹೊಗಳಿಕೆ ಎಂದು ಹೇಳಿದರು. ನಾನು ಕಿವಿಯ ಮೇಲೆ ಸೆರಗು ಎಳೆದುಕೊಂಡು ಕುಳಿತೆ.

ಗುಂಡಿಗೆ ಎನ್ನುತ್ತಾನೆ ಸಂಜೀವ. ಹಣೆಬರಹ ಎನ್ನುತ್ತಾಳೆ ಭಾಗ್ಯಜ್ಯೋತಿ. ಯಾರಿಗೂ ನಾನು ಏನನ್ನೂ ತಿದ್ದಿ ಹೇಳಲಿಲ್ಲ. ಲಿಂಗಪೂಜೆಯಲ್ಲಿ ಕುಳಿತು ಹೇಳಲು ಹೋದೆ, "ಎಪ್ಪಾ, ನಾನು" ಎನ್ನುವವರೆಗೆ ಬಂತು, ಮುಂದೆ ಬರಲಿಲ್ಲ.

ಇಡೀ ದಿನ ಬಂದವರಿಗೆಲ್ಲ ನಾನೇ ನಿಂತು ಬಡಿಸಿದೆ. ಯಾರು 'ಸಾಕು' ಎಂದರೂ ಇನ್ನೊಂದು ಹಾಕಿದೆ.

೩ ಫೆಬ್ರುವರಿ, ಶನಿವಾರ

ಈ ವಾರ ನಾನು ಕೆಲಸಕ್ಕೆ ಕೈ ಹಚ್ಚಿಲ್ಲ. ಕಸ ಗುಡಿಸುವುದು, ರೊಟ್ಟಿ ಬಡಿಯುವುದು ಎಲ್ಲ ಭಾಗ್ಯಜ್ಯೋತಿಯದೇ. ಅವಳು ಒಂದು ಮಾತೂ ಆಡುವುದಿಲ್ಲ. ಇಂದು ಬಾಗಿಲಲ್ಲಿ ಕುಳಿತು ಬಿಸಿಲು ಹೊಸ್ತಿಲಿನಿಂದ ಒಳಗೆ ಬರುವುದನ್ನು, ತಿರುಗಿ ಹೋಗುವುದನ್ನು ನೋಡಿದೆ.

ಮಧ್ಯಾಹ್ನ ಸೊಸೆ ಎರಡು ತಾಟು ಇಟ್ಟಳು, ನನಗೊಂದು, ಐಶ್ವರ್ಯಳಿಗೊಂದು. ಶಾಲೆಗೆ ಸೂಟಿ, ಮಗು ಬೆಳಗಿನಿಂದ ಅಮೀನಾಬಿಯ ಮನೆಯ ಮುಂದೆ ಕುಂಟಾಟ ಆಡಿ ಮೈಯೆಲ್ಲ ಧೂಳು ಮಾಡಿಕೊಂಡಿತ್ತು. ಕೈ ತೊಳೆದುಕೊಂಡು ಬಂದು ಕುಳಿತು, ಎರಡೂ ಕೈ ಮುಗಿಯಿತು. ಆಮೇಲೆ ತಾಟು ನೋಡಿತು. ನನ್ನನ್ನು ನೋಡಿತು. ಮುಖ ಸಣ್ಣದಾಯಿತು.

"ಆಯೀ, ಇವತ್ತ ನಾ ಏನೂ ಮಾಡಿಲ್ಲ. ಬರೇ ಆಡೀನಿ." ತಾಟನ್ನು ಬೆರಳಿನಿಂದ ಮುಂದಕ್ಕೆ ಸರಿಸಿತು. "ರೊಟ್ಟಿ ಬುಟ್ಯಾಗ ಇಡಲೇನು?"

ಒಲೆಯ ಮುಂದೆ ಭಾಗ್ಯಜ್ಯೋತಿಯ ಕೈ ನಿಂತಿತು.

ನಾನು ತಾಟನ್ನು ಅದರ ಮುಂದೆ ತಿರುಗಿ ಎಳೆದೆ. ರೊಟ್ಟಿ ಮುರಿದೆ, ಬೆಣ್ಣೆ ಸವರಿದೆ, ಒಂದು ತುತ್ತು ಅದರ ಬಾಯಿಗಿಟ್ಟೆ.

"ಹಸಿವಿ ಆಗೈತಿಲ್ಲೋ? ಉಣ್ಣು."

"ನೀ ಏನ ಮಾಡಿ ಆಯಿ ಇವತ್ತ?"

"ನಾನೂ ಏನೂ ಮಾಡಿಲ್ಲವ್ವ."

ಇಬ್ಬರೂ ಉಂಡೆವು.